ಬಿಗಿದ ಚಾಕು

ಹಿತ್ತಲ ಬಾಗಿಲ ಮೆಟ್ಟಿಲ ಮೇಲೆ ಕೂತು ಗುರುಲಿಂಗಮ್ಮ ಚಾಕಿನ ಹಿಡಿಯ ಸಂದಿಗೆ ಸೂಜಿ ತೂರಿಸಿ ಮೆಲ್ಲಗೆ ಕೆದಕಿದಾಗ ಕಪ್ಪಗಿನ ಜಿಗುಟು ಉಂಡೆಯೊಂದು ಈಚೆ ಬಂತು. ಅದನ್ನು ಬೆರಳ ತುದಿಗೆ ಹಚ್ಚಿಕೊಂಡು ಬಿಸಿಲಿಗೆ ಹಿಡಿದಳು. ಅಡಿಕೆಯ ಹುಡಿ, ಒಣಗಿ ಕಲ್ಲಾದ ಸುಣ್ಣ, ಅಂಗಿ ಕಿಸೆಯ ನೂಲಿನ ಜುಂಗು, ಬೆಲ್ಲ. ಅಪ್ಪ ದಿನಾ ಮುಟ್ಟುತ್ತಿದ್ದುದೆಲ್ಲ ಅದರಲ್ಲಿತ್ತು. ಚಿಮಣಿ ಎಣ್ಣೆಯ ವಾಸನೆಯ ಅಡಿಯಲ್ಲಿ ಅಪ್ಪನ ಬಾಯಿಯ ವಾಸನೆಯೂ ಇದ್ದೀತೇನೋ ಎಂದು ಮೂಗಿನ ಹತ್ತಿರ ತಂದು, ತನಗೆ ತಾನೇ ನಾಚಿ, ಹಳೇ ಬನಿಯನ್ನಿನ ತುಂಡಿಗೆ ಒರೆಸಿದಳು. ಒರೆಸುವಾಗ ಬಟ್ಟೆ ಹರಿಯುವಷ್ಟು ಒತ್ತಿ ಉಜ್ಜಿದಳು. ಮೊನ್ನೆಯಿಂದ ಹೀಗೇ ಆಗುತ್ತಿತ್ತು. ರೊಟ್ಟಿ ಬಡಿಯುವಾಗ, ಕುಪ್ಪಸಕ್ಕೆ ಕಾಜಾ ಹೊಲಿಯುವಾಗ, ಅಣ್ಣ ಅಮರಗುಂಡಪ್ಪನ ತಾಟಿಗೆ ಸಾರು ಬಡಿಸುವಾಗ, ಒಳಗಿನ ಸಿಟ್ಟು ತಾನಾಗಿ ಬೆರಳಿಗೆ ಇಳಿದುಬಿಡುತ್ತಿತ್ತು. ಬಾಯಿಗೆ ಮಾತ್ರ ಬರುತ್ತಿರಲಿಲ್ಲ.

ಮೊನ್ನೆ ಅತ್ತಿಗೆ ಸೂಗಮ್ಮ ಟಾರ್ಚಿನ ಸೆಲ್ಲು ತಾ ಎಂದು ಕಳಿಸಿದ್ದಕ್ಕೆ ಅವಳು ಅಣ್ಣನ ಅಲಮಾರಿ ತೆಗೆದಿದ್ದಳು. ಇಸ್ತ್ರಿ ಮಾಡಿದ ಅಂಗಿಗಳ ಅಡಿಯಲ್ಲಿ ಕರವಸ್ತ್ರದಲ್ಲಿ ಸುತ್ತಿದ್ದ ಗಟ್ಟಿಯ ವಸ್ತು ಕೈಗೆ ತಾಗಿತು. ಬಿಚ್ಚುವ ಮೊದಲೇ ಕೈಗೆ ಗೊತ್ತಾಗಿತ್ತು. ಕೊಂಬಿನ ಹಿಡಿ, ಎರಡೂ ತುದಿಗೆ ಹಿತ್ತಾಳೆ, ಒಂದು ಕಡೆ ಅಪ್ಪನ ಹೆಬ್ಬೆರಳು ಸವೆಸಿ ಮಾಡಿದ ತಗ್ಗು. ಅಪ್ಪನ ಕಿಸೆಚಾಕು. ಕಳೆದುಹೋಗಿದ್ದ ಚಾಕು. ಮನೆಯಲ್ಲಿ ಎಲ್ಲರೂ ಕಳೆದಿದೆ ಎಂದಿದ್ದ, ಅಣ್ಣನೇ ಎದುರು ನಿಂತು ಮಂಚದ ಅಡಿಯಲ್ಲಿ, ನೆಲುವಿನ ಮೇಲೆ, ಜೋಳದ ಚೀಲದ ಸಂದಿಯಲ್ಲಿ ಹುಡುಕಿಸಿದ್ದ ಚಾಕು. ಅವಳು ಸೆಲ್ಲು ಮರೆತು ಚಾಕನ್ನು ಸೆರಗಿನೊಳಗೆ ಇಟ್ಟುಕೊಂಡು ಬಂದಳು. ಕದ್ದವಳ ಹಾಗೆ ಕಾಲು ಸದ್ದಾಗದಂತೆ ಬಂದದ್ದು ನೆನಪಾದರೆ ಈಗಲೂ ಮೈ ಉರಿಯುತ್ತದೆ. ಕದ್ದವನು ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ವಿಭೂತಿ ಹಚ್ಚಿಕೊಂಡು ಕೂತಿದ್ದಾನೆ, ಅಂಜುವವಳು ತಾನು!

ಅಲಗು ಎದ್ದಿರಲಿಲ್ಲ. ತೆರೆಯಲೆಂದು ಅಲಗಿನ ಬೆನ್ನಿಗೆ ಕೊರೆದಿದ್ದ ಗೀರಿಗೆ ಉಗುರು ಸಿಕ್ಕಿಸಿ ಎಳೆದರೆ ಉಗುರೇ ಮುರಿಯಿತು. ಒಳಗೆ ತುಕ್ಕು ಹಿಡಿದು, ಕೀಲು ಸುಣ್ಣಗಟ್ಟಿ, ಇಡೀ ಚಾಕು ಒಂದೇ ಕಟ್ಟಿಗೆಯ ತುಂಡಿನಂತೆ ಬಿಗಿದುಕೊಂಡಿತ್ತು. ನಿನ್ನೆ ಹುಕ್ಕು, ನೂಲು ತರುವ ನೆವದಲ್ಲಿ ಲಿಂಗಸುಗೂರಿಗೆ ಹೋಗಿ ಬಸ್‌ಸ್ಟ್ಯಾಂಡಿನ ಬಾಜೂಕ್ಕೆ ಬೀಗ, ಕುಕ್ಕರು ರಿಪೇರಿ ಮಾಡುವ ದಾವಲ್‌ಸಾಬನ ಮುಂದೆ ಇಟ್ಟಿದ್ದಳು. ಅವನು ಚಾಕು ನೋಡದೆ ಬಳೆಯಿಲ್ಲದ ಅವಳ ಕೈ ನೋಡಿದ.

"ಯಾರದ್ರೀ ಯವ್ವಾ ಇದು? ಯಜಮಾನ್ರದೇನು?"

"ನಮ್ಮಪ್ಪನದು."

"ಹಂಗಾದ್ರ ಅವ್ರನ್ನೇ ಕಳಸ್ರಿ. ಇದರ ಮಾತು ಹೆಣ್ಮಕ್ಕಳಿಗೆ ತಿಳಿಯಂಗಿಲ್ಲ."

"ತೀರಿಕಂಡಾರ."

"ಮತ್ತ ಇನ್ಯಾಕ್ರಿ ಇದು? ಪ್ಯಾಟ್ಯಾಗ ಹೊಸಾವು ಬೇಕಾದಷ್ಟು ಬಂದಾವ" ಎಂದು ಇಕ್ಕಳ ತೆಗೆದು ಅಲಗಿಗೆ ಹಾಕಿ ತಿರುವಲು ಹೋದ. ಕೊಂಬು ಕಿರ್ರೆಂದಿತು. ಅವಳು "ಬ್ಯಾಡ, ಕೊಡ್ರಿ ಇತ್ಲಾಗ" ಎಂದು ಕಸಿದುಕೊಂಡಳು. ಪಕ್ಕದ ಚಹಾದಂಗಡಿಯವರು ತಿರುಗಿ ನೋಡಿದರು. ಮಸ್ಕಿಗೆ ಬರುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ಪರ್ಸಿನ ಮೇಲೆ ಎರಡೂ ಕೈ ಇಟ್ಟು, ದಾರಿಯುದ್ದಕ್ಕೂ ದಾವಲ್‌ಸಾಬನ ಜೊತೆ ಮನಸ್ಸಿನಲ್ಲೇ ಜಗಳಾಡಿದಳು. ಯಜಮಾನರದೇನು ಅಂತೆ. ಯಜಮಾನ ಸಾಲಗುಂದದಲ್ಲಿ ಸತ್ತು ಅವಳು ತವರಿಗೆ ತಿರುಗಿ ಬಂದಾಗ ತಲೆಯಲ್ಲಿ ಒಂದೂ ಬಿಳಿ ಕೂದಲಿರಲಿಲ್ಲ. ಅಲ್ಲಿಂದ ಇಲ್ಲಿಯವರೆಗೆ ಯಾರದು ಎಂದು ಕೇಳಿದರೆ ನನ್ನದು ಎನ್ನಬಹುದಾದ್ದು ಹೊಲಿಗೆ ಮಿಶಿನ್ನು ಒಂದೇ. ಅದನ್ನೂ ಅಣ್ಣ ಬಂದವರಿಗೆ ತೋರಿಸಿ, ಸುಮ್ಮನೆ ಹೊತ್ತು ಹೋಗಲಿ ಅಂತ ಕೊಡಿಸೀನ್ರಿ ಎನ್ನುತ್ತಾನೆ. ಅತ್ತಿಗೆಯ ಕುಪ್ಪಸ, ಓಣಿಯವರ ಕುಪ್ಪಸ, ದಿಂಬಿನ ಗವಸಣಿಗೆ, ಅಪ್ಪನ ಕೊನೆಗಾಲದ ಸಡಿಲ ಅಂಗಿ ಎಲ್ಲ ಹೊತ್ತು ಹೋಗಲು!

ಆದರೆ ಮಿಶಿನ್ನಿನಿಂದಲೇ ಅವಳಿಗೆ ಬಿಗಿದದ್ದನ್ನು ಬಿಡಿಸುವುದು ಗೊತ್ತಿತ್ತು. ಶಟಲ್ಲಿನಲ್ಲಿ ದಾರ ಸಿಕ್ಕಿ ಚಕ್ರ ನಿಂತಾಗ ಜೋರು ಮಾಡಿದರೆ ಸೂಜಿ ಮುರಿಯುತ್ತದೆ; ಎಣ್ಣೆ ಬಿಟ್ಟು ಸುಮ್ಮನೆ ಕೂರಬೇಕು. ಡಬ್ಬದ ತಳದಲ್ಲಿ ಉಳಿದಿದ್ದ ಚಿಮಣಿ ಎಣ್ಣೆಯನ್ನು ಬಟ್ಟಲಿಗೆ ಬಗ್ಗಿಸಿ, ಕೊಂಬು ನೆನೆಯದಂತೆ ಕೀಲಿನ ತುದಿಯನ್ನಷ್ಟೇ ಅದರಲ್ಲಿ ಮುಳುಗಿಸಿ, ಇಡೀ ರಾತ್ರಿ ಮಿಶಿನ್ನಿನ ಕೆಳಗೆ ಇಟ್ಟಿದ್ದಳು. ಬೆಳಗ್ಗೆ ಅಲಗು ಕೂದಲೆಳೆಯಷ್ಟು ಅಲುಗಿತ್ತು. ಈಗ ಅಲಗಿನ ಎರಡೂ ಮಗ್ಗುಲಿಗೆ ದಪ್ಪ ದಾರ ತೂರಿಸಿ ಗರಗಸದಂತೆ ಹಿಂದೆ ಮುಂದೆ ಎಳೆದಳು. ದಾರ ಕಪ್ಪಾಯಿತು. ಮತ್ತೊಂದು ದಾರ. ಕಸಬರಿಗೆಯ ಕಡ್ಡಿಯನ್ನು ಚೂಪು ಮಾಡಿ ಸ್ಪ್ರಿಂಗಿನ ಬೆನ್ನಿನ ಉದ್ದಕ್ಕೂ ಕೆದಕಿದಳು. ಕೀಲಿಗೆ ಒಂದು ಹನಿ ಮಿಶಿನ್ ಎಣ್ಣೆ. ಉಗುರು ಗೀರಿಗೆ ಉಗುರಿನ ಬದಲು ಬಟ್ಟೆಯ ಅಂಚು ಸಿಕ್ಕಿಸಿ ಎಳೆದಾಗ ಅಲಗು ಮುದುಕರ ಮೊಣಕಾಲಿನಂತೆ ನರಳುತ್ತ ಅರ್ಧಕ್ಕೆ ಎದ್ದು ನಿಂತಿತು. ಅವಳು ಜೋರು ಮಾಡಲಿಲ್ಲ. ಅರ್ಧದಿಂದ ಮುಚ್ಚಿ, ಮತ್ತೆ ಅರ್ಧ ತೆರೆದು, ಹೊರಬಂದ ಕಂದು ರಸವನ್ನು ಒರೆಸಿ, ಮತ್ತೆ ಎಣ್ಣೆ ಬಿಟ್ಟು, ಮತ್ತೆ ತೆರೆದು ಮುಚ್ಚಿದಳು. ಎಣ್ಣೆ ಮೊದಲು ಕಪ್ಪಗೆ, ಆಮೇಲೆ ಚಹಾದ ಬಣ್ಣಕ್ಕೆ, ಕೊನೆಗೆ ಎಣ್ಣೆಯಂತೆಯೇ ಬಂತು.

ಅಪ್ಪ ಚನ್ನಮಲ್ಲಪ್ಪ ಈ ಚಾಕನ್ನು ನೋಡದೆಯೇ ತೆರೆಯುತ್ತಿದ್ದ. ಗಿರಾಕಿಯ ಜೊತೆ ಮಾತಾಡುತ್ತ, ಚೀಲದ ಹೊಲಿಗೆ ಹರಿಯುತ್ತ, ಬೆಲ್ಲದ ಪೆಂಟೆಯ ಮೂಲೆ ಕೆತ್ತಿ ಬಾಯಿಗೆ ಹಾಕಿ ನೋಡ್ರಿ ಎನ್ನುತ್ತ, ಎಲೆಗೆ ಸುಣ್ಣ ಸವರುತ್ತ. ಲಕ್ವಾ ಹೊಡೆದು ಮಂಚ ಹಿಡಿದ ಮೇಲೂ ಚಾಕು ದಿಂಬಿನ ಬುಡದಲ್ಲಿರುತ್ತಿತ್ತು. ಬಲಗೈ ಒಂದು ನಡೆಯುತ್ತಿತ್ತು. ಚಾಕನ್ನು ಎದೆಗೆ ಒತ್ತಿ ಹಿಡಿದು ಒಂದೇ ಕೈಯಲ್ಲಿ ತೆರೆಯುವುದು, ಮುಚ್ಚುವುದು. ಟಕ್, ಟಕ್. ಪಕ್ಕದ ಕೋಣೆಯಲ್ಲಿ ಅವಳು ಅರಿವೆ ಕತ್ತರಿಸುತ್ತ ಆ ಸದ್ದು ಕೇಳಿಸುತ್ತಿರುವಷ್ಟು ಹೊತ್ತು ನಿಶ್ಚಿಂತಳಾಗಿರುತ್ತಿದ್ದಳು. ಒಂದು ದಿನ ಸದ್ದು ನಿಂತಿತು. ಹೋಗಿ ನೋಡಿದರೆ ಅಪ್ಪ ದಿಂಬಿನ ಬುಡ ಕೆದರುತ್ತಿದ್ದ. ಆಮೇಲಿನ ತಿಂಗಳುಗಟ್ಟಲೆ ಅವನ ಹೆಬ್ಬೆರಳು ಹಾಸಿಗೆಯ ಅಂಚಿನಲ್ಲಿ ಇಲ್ಲದ ಗೀರು ಹುಡುಕುತ್ತಿತ್ತು. ತೊದಲುವ ನಾಲಿಗೆಯಲ್ಲಿ ಬಂದವರಿಗೆಲ್ಲ, ಮನ್ಯಾಗ ಕಳ್ಳರು ಅದಾರ ಎನ್ನುತ್ತಿದ್ದ. ಗಂಜಿ ಕುಡಿಸಲು ಚಮಚ ಹಿಡಿದರೆ ಅವಳ ಮುಷ್ಟಿ ಬಿಡಿಸಿ ನೋಡುತ್ತಿದ್ದ. ಮಗಳ ಮುಷ್ಟಿ! ಒಮ್ಮೆ ಸಾಕಾಗಿ, "ಹೋತಪ್ಪಾ, ಹೋತು, ಸತ್ರೂ ಬರಂಗಿಲ್ಲ ಅದು" ಎಂದು ಚೀರಿದ್ದಳು. ಅಣ್ಣ ಅಲ್ಲೇ ಬಾಗಿಲಲ್ಲಿ ನಿಂತಿದ್ದ. ಹೋಗ್ಲಿ ಬಿಡಬೇ, ಸಣ್ಣ ಕೂಸಿನಂಗ ಆಗ್ಯಾನ ಅಪ್ಪ ಎಂದು ಅವಳಿಗೆ ಸಮಾಧಾನ ಹೇಳಿದ್ದ. ಸಮಾಧಾನ!

"ಏನದು? ಅರೇ, ಅಪ್ಪನ ಚಾಕು!"

ಅಮರಗುಂಡಪ್ಪ ಹಿತ್ತಲಿಗೆ ಬಂದದ್ದು ಗೊತ್ತಾಗಿರಲಿಲ್ಲ. ಅಂಗಡಿ ಆಳಿಗೆ ಬಿಟ್ಟು ಬಂದಿದ್ದ. ಸಿಂಧನೂರಿನಿಂದ ಅಕ್ಕಿ ಮಿಲ್ಲಿನ ಹನುಮಂತರಾಯ ಹೆಂಡತಿಯ ಜೊತೆ ಊಟಕ್ಕೆ ಬರುವವರಿದ್ದರು, ಅವರ ಅಕ್ಕಿಯ ಏಜೆನ್ಸಿ ಮಸ್ಕಿಯಲ್ಲಿ ತನಗೇ ಸಿಗಬೇಕೆಂದು ಅವನು ಬಹಳ ದಿನದಿಂದ ಓಡಾಡುತ್ತಿದ್ದ. ಗುರುಲಿಂಗಮ್ಮ ಮುಖ ಎತ್ತಿ ನೋಡಿದಳು. ಈಗ ಅವನ ಮುಖ ಬಿಳಿಚಿಕೊಳ್ಳುತ್ತದೆ, ಈಗ ಅವನು ತಡವರಿಸುತ್ತಾನೆ ಎಂದು ಕಾದಳು.

"ನನ್ನ ಅಲಮಾರ್ಯಾಗಿತ್ತಲ್ಲ, ನೀ ತಗದೇನು?" ಎಂದ, ಅವಳೇ ಏನೋ ತಪ್ಪು ಮಾಡಿದ ಹಾಗೆ, ಆದರೆ ಕ್ಷಮಿಸಿದವನ ದನಿಯಲ್ಲಿ. "ಡಾಕ್ಟರ್ ಹೇಳಿದ್ರಬೇ, ಹರಿತಾದ್ದು ಹತ್ರ ಇಡಬ್ಯಾಡ್ರಿ ಅಂತ. ಅದಕ್ಕ ತಗದಿಟ್ಟಿದ್ದೆ."

"ಕಳದೈತಿ ಅಂದ್ಯೆಲ್ಲಣ್ಣಾ."

"ಹಂಗನ್ನದಿದ್ರ ಬಿಡ್ತಿದ್ದನೇನು ಅಪ್ಪ? ಕೊಡಿಲ್ಲಿ."

ಕೊಡಿಲ್ಲಿ ಎಂದರೆ ಕೊಡುವ ಕೈ ಅವಳದು, ಎಷ್ಟೋ ವರ್ಷಗಳ ರೂಢಿಯ ಕೈ. ಅವಳು ಬೇಡ ಅಂದುಕೊಳ್ಳುವಷ್ಟರಲ್ಲಿ ಅದು ಕೊಟ್ಟಾಗಿತ್ತು. ಅವನು ಉಗುರು ಸಿಕ್ಕಿಸಿದ. ಅಲಗು ಬೆಣ್ಣೆಯಲ್ಲಿ ಜಾರಿದಂತೆ ಎದ್ದು ಟಕ್ಕೆಂದು ನಿಂತಿತು. "ಮಸ್ತ್ ಆಗೈತಲ್ಲಬೇ!" ಎಂದು ಇನ್ನೆರಡು ಸಲ ಆಡಿಸಿ, ಅಂಗಿಯ ಕಿಸೆಗೆ ಹಾಕಿಕೊಂಡು ಒಳಗೆ ಹೋದ. ಗುರುಲಿಂಗಮ್ಮನ ಮುಂದೆ ಬಟ್ಟಲಿನ ಎಣ್ಣೆ, ಕಪ್ಪು ದಾರಗಳು, ಬನಿಯನ್ನಿನ ತುಂಡು ಉಳಿದವು. ಬಿಗಿದೇ ಇದ್ದಿದ್ದರೆ ಅವನ ಕಿಸೆಗೆ ಹೋಗುತ್ತಿರಲಿಲ್ಲ ಎಂದುಕೊಂಡಳು. ನುಣ್ಣಗೆ ಮಾಡಿ ಅವನ ಕೈಗೆ ಒದಗಿಸಿದವಳು ತಾನೇ.

ಹನುಮಂತರಾಯ ದೊಡ್ಡ ಮೈಯ, ಮೆಲುದನಿಯ ಮನುಷ್ಯ. ಅವರ ಹೆಂಡತಿ ರೇಣುಕಮ್ಮ ಗೋಡೆಯ ಮೇಲಿನ ಚನ್ನಮಲ್ಲಪ್ಪನ ಫೋಟೋ ನೋಡಿ, "ಹಿರ್ಯಾರು ಭಾಳ ಛಲೋ ಇದ್ರು" ಎಂದು ಕೈ ಮುಗಿದರು. ಅಮರಗುಂಡಪ್ಪನಿಗೆ ಅಷ್ಟು ಸಾಕಾಯಿತು. ತಾಟಿನಲ್ಲಿದ್ದ ಮೋಸಂಬಿ ತೆಗೆದುಕೊಂಡು, ಕಿಸೆಯಿಂದ ಚಾಕು ತೆಗೆದು ತೆರೆದ. ಗುರುಲಿಂಗಮ್ಮ ಚಹಾದ ಟ್ರೇ ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ಅಪ್ಪಂದ್ರೀ ಇದು" ಎಂದ ಅಣ್ಣ, ಸಿಪ್ಪೆಯನ್ನು ಉದ್ದಕ್ಕೆ ಇಳಿಸುತ್ತ. "ಕಡೀ ದಿನ ಮಾತು ನಿಂತಿತ್ತು. ನನ್ನ ಕರದು, ದಿಂಬಿನ ಬುಡಕಿಂದ ಇದನ್ನ ತಗದು, ನನ್ನ ಅಂಗೈಯಾಗಿಟ್ಟು ಮುಷ್ಟಿ ಮುಚ್ಚಿಸಿದ್ರು. ಅಂಗಡಿ ಬಿಡಬ್ಯಾಡ ಅಂದಂಗ. ಅವತ್ತಿಂದ ನನ್ನ ಕಿಸೆ ಬಿಟ್ಟಿಲ್ಲ ಇದು." ರೇಣುಕಮ್ಮ ಸೆರಗಿನಿಂದ ಕಣ್ಣು ಒತ್ತಿಕೊಂಡರು. ಅಣ್ಣನ ಕಣ್ಣಲ್ಲೂ ನೀರಿತ್ತು! ನಿಜವಾದ ನೀರು. ಅದನ್ನೇ ಅವಳಿಂದ ತಡೆಯಲಾಗಲಿಲ್ಲ. ಕೊನೆಯ ದಿನ ಅವನು ಮುದಗಲ್ಲಿಗೆ ವಸೂಲಿಗೆ ಹೋಗಿದ್ದ. ಅಪ್ಪನ ಬಾಯಿಗೆ ನೀರು ಬಿಟ್ಟವಳು ಅವಳು, ಕೊನೆಯ ಸಲ ಅಪ್ಪ ಬಿಡಿಸಿ ನೋಡಿದ ಮುಷ್ಟಿಯೂ ಅವಳದೇ. ಟ್ರೇಯ ಮೇಲಿನ ಬಸಿಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು. ಸೂಗಮ್ಮ, "ಇಡಬೇ, ಚಹಾ ಆರತೈತಿ" ಎಂದಳು. ಅವಳು ಇಟ್ಟಳು. ಮೋಸಂಬಿಯ ತೊಳೆಗಳು ತಾಟಿಗೆ ಬಂದವು. ಹನುಮಂತರಾಯ ಒಂದು ತೊಳೆ ಬಾಯಿಗೆ ಹಾಕಿಕೊಂಡು, "ಹಿರ್ಯಾರ ಆಶೀರ್ವಾದ" ಎಂದರು. ರಸ ಮೆತ್ತಿದ ಚಾಕು ತಾಟಿನ ಅಂಚಿನಲ್ಲಿ ಬಾಯಿ ತೆರೆದು ಬಿದ್ದಿತ್ತು. ಹುಳಿ ಕೂತರೆ ಮತ್ತೆ ತುಕ್ಕು ಹಿಡಿಯುತ್ತದೆ.

"ತೊಳಕಂಡ್ ಬರ್ತೀನಿ" ಎಂದು ಗುರುಲಿಂಗಮ್ಮ ಅದನ್ನು ಎತ್ತಿಕೊಂಡಳು. ಹಿತ್ತಲಲ್ಲಿ ತೊಳೆದಳು, ಒರೆಸಿದಳು, ಮುಚ್ಚಿದಳು. ಒಳಗೆ ಹೋಗಲಿಲ್ಲ. ಹಿತ್ತಲ ಬಾಗಿಲಿನಿಂದಲೇ ಓಣಿಗೆ ಇಳಿದಳು.

ಎಲ್ಲಿಗೆ ಎಂದು ಹತ್ತು ಮಾರು ನಡೆದ ಮೇಲೆ ಗೊತ್ತಾಯಿತು. ಪಕೀರಮ್ಮನ ಮನೆಗೆ. ಅಪ್ಪ ಮಂಚ ಹಿಡಿದ ಮೊದಲ ದಿನಗಳಲ್ಲಿ ಮಗ್ಗುಲು ಹೊರಳಿಸಲು, ಮೈ ಒರೆಸಲು, ಹಾಸಿಗೆ ಒಗೆಯಲು ಬರುತ್ತಿದ್ದ ಪಕೀರಮ್ಮ. ಅವಳಿಗೆ ಗೊತ್ತು ಅಪ್ಪನಿಗೆ ಆ ಚಾಕು ಎಷ್ಟು ಬೇಕಾಗಿತ್ತೆಂದು. ಇಡೀ ಮಸ್ಕಿಯಲ್ಲಿ ಈ ಸಿಟ್ಟನ್ನು ತನ್ನ ಜೊತೆ ಹಂಚಿಕೊಳ್ಳಬಲ್ಲವಳು ಅವಳೊಬ್ಬಳೇ. ಅಣ್ಣ ಹೇಳಿದ್ದನ್ನು ಕೇಳಿದರೆ ಎದೆ ಬಡಿದುಕೊಂಡಾಳು, ಬಾಯಿಗೆ ಬಂದಂತೆ ಬೈದಾಳು, ತಾನು ಬೈಯಲಾರದ್ದನ್ನೆಲ್ಲ ಬೈದಾಳು. ಗುರುಲಿಂಗಮ್ಮನ ಹೆಜ್ಜೆ ಚುರುಕಾಯಿತು. ಸೆರಗಿನೊಳಗೆ ಬೆರಳು ತಾನಾಗಿ ಚಾಕನ್ನು ತುಸು ತೆರೆದು ಬಿಡುತ್ತಿತ್ತು, ಅದು ತಾನೇ ಮುಚ್ಚಿಕೊಳ್ಳುತ್ತಿತ್ತು. ಹಳ್ಳದ ಸೇತುವೆ ದಾಟುವಾಗ ಒಂದು ಸಣ್ಣ ಮುಜುಗರ ಕಾಲಿಗೆ ಅಡ್ಡ ಬಂತು. ಚಾಕು ಹೋದ ದಿನ ನಳದ ಮುಂದೆ ತಾನು ಪಕೀರಮ್ಮನನ್ನು ಒಂದು ಮಾತು ಕೇಳಿದ್ದು. ಒಗೆಯೋ ಅರಿವ್ಯಾಗ ಸೇರಿ ಬಂದಿರಬೌದು, ಮನ್ಯಾಗ ನೋಡು ಎಂದಿದ್ದು. ಅಷ್ಟೇ. ಪಕೀರಮ್ಮ ಸುಮ್ಮನೆ ಸೊಂಟದ ಎಲೆಅಡಿಕೆ ಸಂಚಿ ಬಿಚ್ಚಿ, ಎಲ್ಲರ ಮುಂದೆ ಕೊಡವಿ ತೋರಿಸಿದ್ದಳು. ಎರಡು ಅಡಿಕೆ ಚೂರು, ಒಂದು ಸುಣ್ಣದ ಡಬ್ಬಿ, ಮೊಮ್ಮಗಳ ಒಂದು ಕಿವಿಯ ಓಲೆ ಕಲ್ಲಿನ ಮೇಲೆ ಬಿದ್ದಿದ್ದವು. ಮಾರನೆಯ ದಿನದಿಂದ ಕೆಲಸಕ್ಕೆ ಬರಲಿಲ್ಲ. ಸೊಕ್ಕಿನ ಹೆಂಗಸು ಎಂದು ಸೂಗಮ್ಮ ಅಂದಾಗ ಗುರುಲಿಂಗಮ್ಮನೂ ಹೌದೆಂದಿದ್ದಳು. ಇರಲಿ, ಈಗ ಸಿಕ್ಕಿದೆಯಲ್ಲ, ಸಿಕ್ಕಿದ್ದು ಕೇಳಿದರೆ ಅವಳಿಗೂ ಸಂತೋಷವಾದೀತು.

ಪಕೀರಮ್ಮ ಗುಡಿಸಲ ಮುಂದಿನ ಬೇವಿನ ನೆರಳಲ್ಲಿ ಒಣಮೆಣಸಿನಕಾಯಿಯ ರಾಶಿಯ ಮುಂದೆ ಕೂತು ತೊಟ್ಟು ಮುರಿಯುತ್ತಿದ್ದಳು. ಘಾಟಿಗೆ ಮೂಗಿನವರೆಗೂ ಸೆರಗು ಕಟ್ಟಿದ್ದಳು. "ಯಾರು? ಗುರಮ್ಮಾರೇನ್ರಿ, ಬರ್ರಿ" ಎಂದಳು. ಕೂಡ್ರಿ ಎನ್ನಲಿಲ್ಲ.

"ಪಕೀರಮ್ಮಾ, ಚಾಕು ಸಿಕ್ಕೈತಿ ನೋಡು!"

ಪಕೀರಮ್ಮ ನೋಡಿದಳು. ಮುಟ್ಟಲಿಲ್ಲ. "ಸಿಗ್ಲಿ ಬಿಡ್ರಿ. ನಿಮ್ಮದು ನಿಮಗ ಸಿಕ್ಕೈತಿ."

"ಎಲ್ಲಿತ್ತು ಗೊತ್ತೇನು? ನಮ್ಮಣ್ಣನ ಅಲಮಾರ್ಯಾಗ! ತಾನೇ ಬಚ್ಚಿಟ್ಟು, ಈಗ ಬಂದವರ ಮುಂದ ಅಪ್ಪ ಕೈಯಾಗಿಟ್ಟು ಹೋದ ಅಂತ ಅಳಾಕತ್ತ್ಯಾನ. ನನ್ನ ಕಣ್ಮುಂದ ಪಕೀರಮ್ಮಾ, ನಾ ಅಲ್ಲೇ ನಿಂತೀನಿ, ನನ್ನ ಕಣ್ಮುಂದ!" ಮಾತು ಒಮ್ಮೆ ಹೊರಟದ್ದೇ ನಿಲ್ಲಲಿಲ್ಲ. ಅಲಗು ಬಿಗಿದದ್ದು, ಲಿಂಗಸುಗೂರಿಗೆ ಹೋದದ್ದು, ದಾರ ಹಾಕಿ ಉಜ್ಜಿದ್ದು, ಅಣ್ಣ ಕಸಿದುಕೊಂಡದ್ದು, ಮೋಸಂಬಿ, ಕಣ್ಣೀರು ಎಲ್ಲ ಹೇಳಿದಳು. ಪಕೀರಮ್ಮನ ಬೆರಳು ಒಂದು ತೊಟ್ಟನ್ನೂ ಬಿಡದೆ ಮುರಿಯುತ್ತಲೇ ಇತ್ತು.

"ನನಗ ಗೊತ್ತಿತ್ತು" ಎಂದಳು.

"ಏನು?"

"ಅವರು ತಗಂಡಿದ್ದು. ಮುದುಕಪ್ಪ ನಿದ್ದ್ಯಾಗಿದ್ದಾಗ ದಿಂಬಿನ ಬುಡಕ ಕೈ ಹಾಕಿದ್ದು ನಾ ಕಂಡಿದ್ದೆ. ನಳದ ಮುಂದ ನಿನಗ ಹೇಳಿದ್ನೆಲ್ಲ, ನಿಮ್ಮ ಮನ್ಯಾಗ ಕೇಳ್ರಿ ಯವ್ವಾ ಅಂತ. ನೀ ಏನಂದಿ?"

ನೀ ಎಂದದ್ದು ಮೊದಲು ಕಿವಿಗೆ ಹೊಡೆಯಿತು. ತನ್ನನ್ನು ಯಾವತ್ತೂ ರೀ ಬಿಟ್ಟು ಮಾತಾಡಿಸದ ಬಾಯಿ. ಆಮೇಲೆ, ತಾನು ಅಂದದ್ದು, ಎಲ್ಲಿತ್ತೋ ಅಲ್ಲಿಂದ ಎದ್ದು ಬಂತು. ನಾಲಿಗಿ ಬಿಗಿ ಹಿಡದು ಮಾತಾಡು ಪಕೀರಮ್ಮಾ, ಯಾರ ಮನಿ ಅನ್ನ ಉಣ್ಣಾಕತ್ತಿ ನೋಡು. ಅಂದಿದ್ದಳು. ಕೊಡ ತುಂಬಿಸುವವರೆಲ್ಲ ಕೇಳುವ ಹಾಗೆ ಅಂದಿದ್ದಳು. ಇಷ್ಟು ದಿನ ಅದು ನೆನಪೇ ಇರಲಿಲ್ಲ. ಸಂಚಿಯಿಂದ ಬಿದ್ದ ಓಲೆ ನೆನಪಿತ್ತು, ಇದಿರಲಿಲ್ಲ.

"ನಾ ಕಳ್ಳಿ ಅಂತ ಅಂದಿಲ್ಲ" ಎಂದಳು. ದನಿ ತನ್ನದೇ ಅಣ್ಣನ ದನಿಯಂತೆ ಕೇಳಿಸಿತು.

"ಅಂದಿದ್ರ ಛಲೋ ಇತ್ತು" ಎಂದು ಪಕೀರಮ್ಮ ಮೂಗಿನ ಸೆರಗು ಕೆಳಗೆಳೆದಳು. ಅವಳ ತುಟಿ ಮೆಣಸಿನಕಾಯಿಯ ಉರಿಗೆ ಬಾತಿತ್ತು. "ಕಳ್ಳಿ ಅಂದಿದ್ರ ಜಗಳಾ ಮಾಡ್ತಿದ್ದೆ. ಮಲ್ಲಯ್ಯನ ಗುಡ್ಡಕ್ಕ ಎಳಕಂಡು ಹೋಗಿ ಆಣಿ ಮಾಡಿಸ್ತಿದ್ದೆ. ನೀ ಅನ್ನಲೇ ಇಲ್ಲ. ಅನ್ನದ ಮಾತಿಗೆ ನಾ ಏನಂತ ಜವಾಬು ಕೊಡ್ಲಿ? ಆಮ್ಯಾಲ ಮಾಸ್ತರ ಮನಿಯವರು ಬರಬ್ಯಾಡಂದ್ರು. ಗಿರಣಿ ಮನಿಯವರು ಬ್ಯಾಡಂದ್ರು. ಅವರೂ ಯಾಕಂತ ಅನ್ನಲಿಲ್ಲ. ನಿಮ್ಮಂತಾರು ಯಾವುದೂ ಬಾಯಿಬಿಟ್ಟು ಅನ್ನಂಗಿಲ್ಲ ನೋಡು. ಈಗ ಬಂದು, ನಮ್ಮಣ್ಣ ಹಂಗ ಮಾಡಿದ, ಹಿಂಗ ಮಾಡಿದ ಅಂತ ನನ್ನ ಮುಂದ ಅಳ್ತಿ. ನಾನೂ ನಿನ್ನ ಜೋಡಿ ಅಳಬೇಕೇನು?"

ಗುರುಲಿಂಗಮ್ಮ ಏನು ಮಾಡಬೇಕೆಂದು ತಿಳಿಯದೆ ಚಾಕನ್ನು ಮೆಣಸಿನಕಾಯಿಯ ರಾಶಿಯ ಪಕ್ಕ ಇಟ್ಟಳು. "ಇದನ್ನ ನೀನೇ ಇಟ್ಕ. ಅಪ್ಪನ ಸೇವಾ ನೀ ಮಾಡೀದಿ."

"ನನಗ್ಯಾಕ? ನಾಳಿಗೆ ಪೊಲೀಸರ್ನ ಕಳಿಸಾಕೇನು? ತಗೀ ಅದನ್ನ."

ತೆಗೆದುಕೊಂಡಳು. "ಮತ್ತ ನಾ ಏನ್ ಮಾಡ್ಲಿ ಪಕೀರಮ್ಮಾ?"

"ಯಾರ ಮುಂದ ಕೇಳಿದ್ಯೋ ಅವರ ಮುಂದ ಹೇಳು. ನನಗ ಬಂದು ಹೇಳಿ ಏನ್ ಮಾಡ್ತಿ, ನನಗ ಮೊದಲೇ ಗೊತ್ತೈತಿ." ಅಷ್ಟು ಹೇಳಿ ಪಕೀರಮ್ಮ ಸೆರಗನ್ನು ಮತ್ತೆ ಮೂಗಿಗೆ ಏರಿಸಿ, ಮೆಣಸಿನಕಾಯಿ ಎಳೆದುಕೊಂಡಳು.

ಹಳ್ಳದ ಸೇತುವೆಯವರೆಗೂ ಗುರುಲಿಂಗಮ್ಮನಿಗೆ ಪಕೀರಮ್ಮನ ಮೇಲೇ ಸಿಟ್ಟು. ಎಂಥ ಮಾತು! ಬಿಸಿಲಲ್ಲಿ ನಡೆದು ಬಂದವಳಿಗೆ ಒಂದು ತಂಬಿಗೆ ನೀರು ಕೊಡಲಿಲ್ಲ. ಏಕವಚನ ಬೇರೆ. ಮೆಣಸಿನ ಘಾಟು ಗಂಟಲಲ್ಲಿ ಕೂತು ಕೆಮ್ಮು ಬಂತು. ಸೇತುವೆಯ ಕಟ್ಟೆ ಹಿಡಿದು ಕೆಮ್ಮಿದಳು. ಕೆಳಗೆ ಹಳ್ಳದ ಕೊಳಚೆಯಲ್ಲಿ ಹಂದಿಗಳು ಮಲಗಿದ್ದವು. ಚಾಕನ್ನು ಅಲ್ಲಿಗೆ ಎಸೆದುಬಿಟ್ಟರೆ ಎನಿಸಿತು. ಎಸೆದರೆ ಮತ್ತೆ ಕಳೆದಂತೆ, ಮತ್ತೆ ಯಾರನ್ನೋ ಕೇಳಿದಂತೆ. ಪ್ಯಾಟೆಯಲ್ಲಿ ಬೈಕುಗಳ ಸದ್ದಿನ ನಡುವೆ ನಡೆಯುತ್ತ ಎದುರಾದವರ ಮುಖ ನೋಡಿದಳು. ಮಾಸ್ತರ ಹೆಂಡತಿ ಸಂತೆಚೀಲ ಹಿಡಿದು ಬರುತ್ತಿದ್ದಳು, ನಕ್ಕಳು. ಇವಳೇ ಬ್ಯಾಡ ಅಂದವಳು. ಏಕೆ ಎಂದು ಹೇಳದೆ ಬ್ಯಾಡ ಎಂದವಳು. ಅಣ್ಣ ಕಳದೈತಿ ಅಂದ, ತಾನು ಅರಿವ್ಯಾಗ ನೋಡು ಎಂದಳು, ಇವಳು ಬ್ಯಾಡ ಎಂದಳು. ಎಲ್ಲರ ಮಾತೂ ಎಷ್ಟು ಮೆತ್ತಗೆ, ಎಷ್ಟು ಮರ್ಯಾದೆಯದು. ಅಣ್ಣನ ಮೇಲಿದ್ದ ಸಿಟ್ಟು ಒಂದಿಷ್ಟೂ ಇಳಿದಿರಲಿಲ್ಲ. ಅದರ ಪಕ್ಕಕ್ಕೆ ಈಗ ಇನ್ನೊಂದು ಬಂದು ಕೂತಿತ್ತು, ಅದಕ್ಕೆ ಬೈಯಲು ಬೇರೆ ಯಾರೂ ಇರಲಿಲ್ಲ.

ಮನೆಯ ಮುಂದೆ ನಳಕ್ಕೆ ನೀರು ಬಂದಿತ್ತು. ನಾಲ್ಕು ದಿನಕ್ಕೊಮ್ಮೆ ಬರುವ ನೀರು. ಓಣಿಯ ಹೆಂಗಸರೆಲ್ಲ ಕೊಡ, ಬಕೀಟು ಇಟ್ಟುಕೊಂಡು ನಿಂತಿದ್ದರು. ಪಾಳಿಯ ಮುಂದೆ ಎದುರು ಮನೆಯ ದುರ್ಗಾದೇವಿ. ಮನೆಯ ಮೆಟ್ಟಿಲ ಮೇಲೆ ಹನುಮಂತರಾಯ ಕೈ ಮುಗಿದು ಹೊರಡುತ್ತಿದ್ದರು, ರೇಣುಕಮ್ಮ ಚಪ್ಪಲಿಗೆ ಕಾಲು ಹುಡುಕುತ್ತಿದ್ದರು. ಸೂಗಮ್ಮ ಬಾಗಿಲಿಂದಲೇ, "ಎಲ್ಲಿ ಹಾಳಾಗಿದ್ಯಬೇ? ಬಡಿಸಾಕ ಒಬ್ಬರಿಲ್ಲ" ಎಂದು ಹಲ್ಲು ಕಚ್ಚಿ ಹೇಳಿದಳು. ಅಮರಗುಂಡಪ್ಪ ಅತಿಥಿಗಳ ಕಡೆ ನಗುತ್ತ, ತಂಗಿಯ ಕಡೆ ಕಣ್ಣು ಹೊರಳಿಸಿ, ಒಳಗೆ ಹೋಗು ಎಂದು ತಲೆ ಅಲ್ಲಾಡಿಸಿದ. ಅವಳು ನಳದ ಕಟ್ಟೆಯ ಹತ್ತಿರ ನಿಂತಳು.

"ಚಾಕು ಸಿಕ್ಕೈತ್ರೀ" ಎಂದಳು. ನೀರಿನ ಸದ್ದಿಗೆ ಯಾರಿಗೂ ಕೇಳಿಸಲಿಲ್ಲ. ಕೈ ಚಾಚಿ ನಳ ಬಂದ್ ಮಾಡಿದಳು. "ಚಾಕು ಸಿಕ್ಕೈತಿ. ನಮ್ಮಣ್ಣನ ಅಲಮಾರ್ಯಾಗಿತ್ತು."

ಎಲ್ಲರೂ ಅವಳ ಮುಖ ನೋಡಿದರು. "ಯಾವ ಚಾಕುಬೇ?" ಎಂದಳು ದುರ್ಗಾದೇವಿ. "ನೀರ್ಯಾಕ ಬಂದ್ ಮಾಡ್ದಿ?"

ಮರೆತಿದ್ದರು! ಪಕೀರಮ್ಮನ ಮೂರು ಮನೆಯ ಕೆಲಸ ಹೋಗಿದ್ದು ಇವರಿಗೆ ಯಾವ ಚಾಕಿನಿಂದ ಎಂಬುದೇ ನೆನಪಿರಲಿಲ್ಲ. ಗುರುಲಿಂಗಮ್ಮನಿಗೆ ಅಳು ಬರುವಷ್ಟು ಸಿಟ್ಟು ಬಂತು. ಒಂದು ಮಾತಿನಲ್ಲಿ ಮುಗಿಯಬೇಕಿದ್ದದ್ದು ಈಗ ಬುಡದಿಂದ ಶುರುವಾಗಬೇಕಿತ್ತು. ಅವಳೇ ಎಲ್ಲವನ್ನೂ ಬಾಯಿಬಿಟ್ಟು ಅನ್ನಬೇಕಿತ್ತು.

"ಗುರೂ, ಒಳಗ ನಡಿ" ಎಂದ ಅಮರಗುಂಡಪ್ಪ. ಅತಿಥಿಗಳ ಕಡೆ ತಿರುಗಿ, "ಅಪ್ಪ ಹೋದಮ್ಯಾಗ ಸ್ವಲ್ಪ ಹಿಂಗ ಆಗ್ಯಾಳ್ರಿ" ಎಂದು ಹಣೆಗೆ ಬೆರಳು ಮುಟ್ಟಿಸಿದ.

"ಅಪ್ಪನ ಚಾಕು" ಎಂದಳು ಅವಳು, ಸೆರಗಿನಿಂದ ತೆಗೆದು ಎತ್ತಿ ಹಿಡಿದು. "ಅಪ್ಪ ಯಾರ ಕೈಯಾಗೂ ಕೊಟ್ಟಿಲ್ಲ ಇದನ್ನ. ಸಾಯೂತನಕ ಹುಡುಕ್ಯಾಡ್ಯಾನ. ನಮ್ಮಣ್ಣ ಬಚ್ಚಿಟ್ಟಿದ್ದ. ಪಕೀರಮ್ಮ ಅದನ್ನ ಕಂಡಿದ್ಲು, ಇಲ್ಲೇ ನಿಂತು ನನಗ ಹೇಳಿದ್ಲು. ನಾ ಅಕೀ ಬಾಯಿ ಮುಚ್ಚಿಸಿದೆ. ಇದೇ ನಳದ ಮುಂದ, ನಿಮ್ಮೆಲ್ಲರ ಮುಂದ, ನಾ ಅಕೀನ್ನ ಕಳ್ಳಿ ಮಾಡಿದೆ."

ಆ ಶಬ್ದ ಮೊದಲ ಸಲ ಹೊರಗೆ ಬಂದಿತ್ತು. ರೇಣುಕಮ್ಮ ಚಾಕು ನೋಡಿದರು, ಅಮರಗುಂಡಪ್ಪನ ಬರಿದಾದ ಕಿಸೆ ನೋಡಿದರು, ಆಮೇಲೆ ಮೋಸಂಬಿ ತಿಂದ ಬೆರಳುಗಳನ್ನು ಸೆರಗಿನ ಚುಂಗಿಗೆ ಮೆಲ್ಲಗೆ ಒರೆಸಿಕೊಂಡರು. ಹನುಮಂತರಾಯ, "ಬರ್ತೀವ್ರಿ ಹಂಗಾರ" ಎಂದು ಯಾರ ಕಡೆಯೂ ನೋಡದೆ ಕಾರಿನ ಕಡೆ ನಡೆದರು. ಅಮರಗುಂಡಪ್ಪ ಎರಡು ಹೆಜ್ಜೆ ಅವರ ಹಿಂದೆ ಹೋಗಿ, ನಿಂತು, ತಿರುಗಿ ಬಂದು ತಂಗಿಯ ಮುಂದೆ ಕೈ ಚಾಚಿದ. "ಕೊಡಿಲ್ಲಿ." ಅವಳು ಕೊಡಲಿಲ್ಲ. ಚಾಚಿದ ಕೈ ಎಲ್ಲರ ನಡುವೆ ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ಅವನು ಒಳಗೆ ಹೋದ. ಬಾಗಿಲು ಗೋಡೆಗೆ ಬಡಿದ ಸದ್ದು ಓಣಿಗೆಲ್ಲ ಕೇಳಿಸಿತು.

"ಹಂಗಾದ್ರ ಪಕೀರಮ್ಮ ತಗಂಡಿರಲಿಲ್ಲೇನು?" ಎಂದಳು ದುರ್ಗಾದೇವಿ. ಈಗ ಅವಳಿಗೆ ನೆನಪಾಗಿತ್ತು. "ನಾವೆಲ್ಲಾ ಅಕೀನೇ ಅಂದ್ಕಂಡಿದ್ವಲ್ಲಬೇ."

"ಇಲ್ಲ. ಅಕಿ ತಗಂಡಿಲ್ಲ."

ದುರ್ಗಾದೇವಿ ಕೈ ಹಾಕಿ ನಳ ಬಿಟ್ಟಳು. ನೀರು ಕೊಡದ ತಳಕ್ಕೆ ಬಡಿಯಿತು. ಅಷ್ಟರಲ್ಲಿ ಓಣಿಯ ತಿರುವಿನಿಂದ ಸಂತೆಚೀಲ ಹಿಡಿದು ಮಾಸ್ತರ ಹೆಂಡತಿ ಬಂದಳು. ಎಲ್ಲರ ಮುಖ ನೋಡಿ, "ಏನಾತ್ರೀ? ಯಾಕ ಹಿಂಗ ನಿಂತೀರಿ?" ಎಂದು ಕೇಳಿದಳು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿ ಕೊಡಗಳ ಕಡೆ ಬಾಗಿದರು. ಗುರುಲಿಂಗಮ್ಮ ಅವಳ ದಾರಿಗೆ ಅಡ್ಡ ಬಂದು ನಿಂತು, ನೀರಿನ ಸದ್ದಿಗಿಂತ ದನಿ ಎತ್ತರಿಸಿ, ಮತ್ತೆ ಮೊದಲಿನಿಂದ ಹೇಳತೊಡಗಿದಳು.